ಏನೂ ಮಾಡಲ್ಲ ಸಾರ್

ಅಕ್ವೇರಿಯಂ ಅಂಗಡಿಯಲ್ಲಿ ಯಾವ ಮೀನಿಗೆ ಬೆರಳು ತೋರಿಸಿದರೂ ಸಿಗುವ ಉತ್ತರ ಒಂದೇ: "ಏನೂ ಮಾಡಲ್ಲ ಸಾರ್, ಹೊಂದ್ಕೊಂಡು ಹೋಗುತ್ತೆ." ಶಿವಮೊಗ್ಗದಲ್ಲಿ ಕೊಂಡ ಮೀನು ಪ್ಲಾಸ್ಟಿಕ್ ಚೀಲದಲ್ಲಿ ಕುಲುಕಾಡುತ್ತ ಕೊಪ್ಪ ಮುಟ್ಟುವಷ್ಟರಲ್ಲಿ ಕೊಂಡವರಿಗೂ ಆ ಮಾತಿನಲ್ಲಿ ಪೂರ್ತಿ ನಂಬಿಕೆ ಬಂದಿರುತ್ತದೆ. ಆರೇಳು ತಿಂಗಳಲ್ಲಿ ಏಂಜೆಲ್ ಮೀನು ಅಂಗೈಯಗಲ ಬೆಳೆಯುತ್ತದೆ, ನಿಯಾನ್ ಟೆಟ್ರಾಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ಹೆಣ ಸಿಗುವುದಿಲ್ಲ. ಹಾರಿ ಹೊರಗೆ ಬಿದ್ದಿರಬೇಕೆಂದು ಮನೆಮಂದಿಯೆಲ್ಲ ಸೋಫಾ ಸರಿಸಿ, ಟಿವಿ ಸ್ಟ್ಯಾಂಡಿನ ಕೆಳಗೆ ಟಾರ್ಚು ಬಿಟ್ಟು ಹುಡುಕುತ್ತಾರೆ. ಕೊನೆಗೆ ಅಪವಾದ ಬೆಕ್ಕಿನ ತಲೆಗೆ ಬರುತ್ತದೆ. ಏಂಜೆಲ್ ಮಾತ್ರ ತೊಟ್ಟಿಯ ನಟ್ಟನಡುವೆ ರೆಕ್ಕೆ ಹರಡಿಕೊಂಡು, ಏನೂ ಮಾಡದವರ ಮುಖ ಹೊತ್ತು ನಿಂತಿರುತ್ತದೆ.

ಮಲೆನಾಡಿನವರಿಗೆ ಮೀನಿನ ಪರಿಚಯ ಇಲ್ಲವೆಂದಲ್ಲ. ಶೃಂಗೇರಿಗೆ ಹೋದವರು ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಎಸೆದು ಕೈ ಮುಗಿಯುವ ಮೀನು ಒಂದು. ಮುಂಗಾರಿನ ಮೊದಲ ದೊಡ್ಡ ಮಳೆಗೆ ಹಳ್ಳದಿಂದ ಗದ್ದೆಗೆ ಏರಿಬರುವ, ಜನ ರಾತ್ರಿಯಿಡೀ ನಿದ್ದೆಗೆಟ್ಟು ಹಿಡಿಯುವ ಹತ್ತುಮೀನು ಇನ್ನೊಂದು. ಒಂದಕ್ಕೆ ಭಕ್ತಿ, ಇನ್ನೊಂದಕ್ಕೆ ಹುಳಿ-ಖಾರ. ಈ ಎರಡರ ನಡುವೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸುಮ್ಮನೆ ನೋಡುವ ಮೀನನ್ನು ಎಲ್ಲಿ ಸೇರಿಸಬೇಕೆಂದು ನಮ್ಮವರಿಗೆ ಇನ್ನೂ ತಿಳಿದಿಲ್ಲ. ಎನ್.ಆರ್. ಪುರದಿಂದ ಬಂದ ನಮ್ಮ ಭಾವ, ಭದ್ರಾ ಹಿನ್ನೀರಿನ ಕಾಟ್ಲಾ-ರೋಹು ಕಂಡವರು, ತೊಟ್ಟಿಯ ಮುಂದೆ ಬಗ್ಗಿ ನಿಂತು ಕೇಳಿದ್ದು ಒಂದೇ ಪ್ರಶ್ನೆ: "ಇದು ಎಷ್ಟು ದೊಡ್ಡ ಆಗುತ್ತೆ ಮಾರಾಯ?"

ಎಲ್ಲರೂ ನಕ್ಕರು. ಅವರು ಯಾಕೆ ಕೇಳಿದರೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಮೀನು ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು, ಯಾರೂ ಕೇಳದ ಪ್ರಶ್ನೆಯೂ ಅದೇ. ಪಾಚಿ ತಿನ್ನುತ್ತದೆಂದು ಕೊಡುವ ಎರಡಿಂಚಿನ ಸಕ್ಕರ್ ಮೀನು ಒಂದಡಿ ದಾಟಿ ಬೆಳೆಯುತ್ತದೆ. ಗೋಲ್ಡ್ ಫಿಶ್ಶಿನದೂ ಹೆಚ್ಚುಕಡಿಮೆ ಅದೇ ಹಣೆಬರಹ. ಜೊತೆಗೆ ಹೊಟ್ಟೆಬಾಕ, ನೀರು ಕೆಡಿಸುವುದರಲ್ಲಿ ನಿಸ್ಸೀಮ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಅಂಚಿನವರೆಗೆ ತುಂಬಿದರೂ ಹಿಡಿಯುವುದು 56 ಲೀಟರ್. ಅದರಲ್ಲಿ ಜಲ್ಲಿ, ಕಲ್ಲು, ಗುಳ್ಳೆ ಬಿಡುವ ಪ್ಲಾಸ್ಟಿಕ್ ಮುಳುಗುಗಾರ ಎಲ್ಲ ಕಳೆದು ಮೀನಿಗೆ ಎಷ್ಟು ಉಳಿಯುತ್ತದೆಂದು ಲೆಕ್ಕ ಹಾಕಿಕೊಳ್ಳಬೇಕು.

ಮೀನಿನ ಲೋಕದಲ್ಲಿ ಸ್ನೇಹ-ದ್ವೇಷದ ಮಾತು ಆಮೇಲಿನದು. ಬಾಯಲ್ಲಿ ಹಿಡಿಸುವುದೆಲ್ಲ ಆಹಾರ, ಹಿಡಿಸದ್ದು ನೆರೆಹೊರೆ. ಶೃಂಗೇರಿಯ ಹೊಳೆಯಲ್ಲಿ ಮೊಣಕೈಗಿಂತ ಉದ್ದದ ಮಹಶೀರ್ ಪಕ್ಕದಲ್ಲೇ ಬೆರಳುದ್ದದ ಸಸಲು ಓಡಾಡುವುದನ್ನು ನೋಡಿ, ಅಲ್ಲಿ ಆಗುವುದು ನಮ್ಮ ತೊಟ್ಟಿಯಲ್ಲಿ ಯಾಕಾಗಬಾರದು ಎಂದು ಕೇಳುವವರಿದ್ದಾರೆ. ಸಸಲಿಗೆ ಅಲ್ಲಿ ಓಡಿಹೋಗಲು ಇಡೀ ತುಂಗೆ ಇದೆ. ಅದೇ ದಡದಲ್ಲಿ ಕಪ್ಪೆಶಂಕರನ ಗುಡಿಯೂ ಇದೆ. ಸುಡುಬಿಸಿಲಿನಲ್ಲಿ ಹೆರಿಗೆನೋವು ತಿನ್ನುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆ ಬಿಚ್ಚಿ ನೆರಳು ಹಿಡಿದದ್ದನ್ನು ಕಂಡು ಶಂಕರಾಚಾರ್ಯರು ಪೀಠಕ್ಕೆ ಇದೇ ಜಾಗವೆಂದು ನಿಶ್ಚಯಿಸಿದರು ಎನ್ನುತ್ತದೆ ಸ್ಥಳಪುರಾಣ. ಕಥೆಯ ಮೇಲೆ ನನಗೆ ಅಪಾರ ಗೌರವ. ಆದರೂ ಆ ಹಾವು ಹೊಳೆಯ ದಡದಲ್ಲಿತ್ತು, ಕಪ್ಪೆಯ ಜೊತೆ ಎರಡಡಿ ಗಾಜಿನ ಪೆಟ್ಟಿಗೆಯಲ್ಲಿ ಇರಲಿಲ್ಲ.

ಗಾತ್ರ ಸರಿಹೊಂದಿದರೂ ಗುಣ ಹೊಂದಬೇಕು. ಎರಡು ಗಂಡು ಫೈಟರ್ ಒಟ್ಟಿಗಿರಲಾರವು, ಇದು ಮಕ್ಕಳಿಗೂ ಗೊತ್ತು. ಟೈಗರ್ ಬಾರ್ಬ್ ವಿಷಯ ಗೊತ್ತಿರುವವರು ಕಡಿಮೆ. ಎರಡೋ ಮೂರೋ ತಂದಿಟ್ಟರೆ ಗಪ್ಪಿಯ ಬಾಲವನ್ನೂ ಫೈಟರಿನ ಸೆರಗನ್ನೂ ಕಚ್ಚಿ ಚಿಂದಿ ಮಾಡುತ್ತವೆ. ಏಳೆಂಟು ಇದ್ದರೆ ತಮ್ಮತಮ್ಮಲ್ಲೇ ಹಿರಿತನಕ್ಕೆ ಹೊಡೆದಾಡಿಕೊಂಡು ಉಳಿದವರನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ. ಹಾಗೆಂದು ಉದ್ದ ಬಾಲದವರ ಜೊತೆ ಬಿಡುವುದು ಬೇಡ.

ನೀರಿನ ವಿಷಯದಲ್ಲಿ ನಾವು ಪುಣ್ಯವಂತರು. ಗುಡ್ಡದಿಂದ ಪೈಪಿನಲ್ಲಿ ಇಳಿದು ಬರುವ ಅಬ್ಬಿ ನೀರಿಗೆ ಕ್ಲೋರಿನ್ನಿನ ಸೋಂಕಿಲ್ಲ, ಮೆದು ನೀರು; ಟೆಟ್ರಾ, ರಾಸ್‌ಬೋರಾಗಳಿಗೆ ಒಗ್ಗುತ್ತದೆ. ಗಪ್ಪಿ, ಮಾಲಿಗಳಿಗೆ ಕಡೂರು ಕಡೆಯ ಬೋರ್‌ವೆಲ್ಲಿನಂಥ ಗಡಸು ನೀರೇ ಹೆಚ್ಚು ಹಿತ. ನಮ್ಮ ಕಷ್ಟವಿರುವುದು ಆಷಾಢದಲ್ಲಿ. ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋದರೆ ಬರುವ ದಿನವನ್ನು ಲೈನ್‌ಮನ್ ಕೂಡ ಹೇಳಲಾರ. ಗಾಳಿಯ ಪಂಪು ನಿಂತ ಕೂಡಲೇ ಗೋಲ್ಡ್ ಫಿಶ್ ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ. ಫೈಟರಿಗೂ ಗೌರಾಮಿಗೂ ಮೇಲಿನ ಗಾಳಿಯನ್ನೇ ಗುಟುಕರಿಸಿ ಉಸಿರಾಡುವ ಅಂಗವೊಂದು ಹೆಚ್ಚಿಗೆ ಇರುವುದರಿಂದ ಅವು ಮೆಸ್ಕಾಂ ಮೇಲೆ ಅವಲಂಬಿತವಲ್ಲ. ಧನುರ್ಮಾಸದ ಚಳಿ ಬಂದಾಗ ಲೆಕ್ಕ ತಿರುಗಾಮುರುಗಾ. ಗೋಲ್ಡ್ ಫಿಶ್ ಗೆಲುವಾಗುತ್ತದೆ, ಉಷ್ಣ ಪ್ರದೇಶದ ಫೈಟರು ಹೀಟರಿಲ್ಲದೆ ಮೂಲೆ ಹಿಡಿಯುತ್ತದೆ. ಇಬ್ಬರನ್ನೂ ಒಂದೇ ತೊಟ್ಟಿಯಲ್ಲಿಟ್ಟವರು ವರ್ಷಪೂರ್ತಿ ಯಾರಾದರೊಬ್ಬರ ಮುನಿಸು ನೋಡುತ್ತಿರಬೇಕು.

ಹಾಗಾದರೆ ಯಾವುದನ್ನು ತರಬೇಕು? 2020ರಲ್ಲಿ ನಿಂತುಹೋದ ನಮ್ಮ ಕಡೆಯ ಸಹಕಾರ ಸಾರಿಗೆ ಬಸ್ಸು ಓಡುತ್ತಿದ್ದ ಕಾಲದಲ್ಲಿ, ಸೀಟಿನವರು ಸೀಟಿನಲ್ಲಿ, ಮೂಟೆಯವರು ಹಿಂದೆ, ಕಾಲೇಜು ಹುಡುಗರು ಫುಟ್‌ಬೋರ್ಡಿನಲ್ಲಿ ಎಂದು ಜನ ತಾವಾಗಿಯೇ ಹಂಚಿಕೊಂಡು ಹಿಡಿಸುತ್ತಿದ್ದರು. ತೊಟ್ಟಿಗೂ ಹಾಗೆ ಮಹಡಿ ನೋಡಿ ಮೀನು ತರಬೇಕು. ಮೇಲೆ ಓಡಾಡಲು ಆರೇಳು ಜೀಬ್ರಾ ಡ್ಯಾನಿಯೋ, ನಡುವೆ ರಾಸ್‌ಬೋರಾ ಗುಂಪು, ತಳದಲ್ಲಿ ಮೀಸೆ ಆಡಿಸುತ್ತ ಜಲ್ಲಿ ಕೆದಕುವ ನಾಲ್ಕೈದು ಕೋರಿ. ಎಲ್ಲವನ್ನೂ ಒಂದೇ ದಿನ ತರಬಾರದು. ಗಲೀಜಿನಿಂದ ಏಳುವ ಅಮೋನಿಯಾವನ್ನು ತಿಂದು ಹಾಕುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯೂರಲು ತಿಂಗಳು, ಒಂದೂವರೆ ತಿಂಗಳು ಬೇಕು. ಮಕ್ಕಳಿರುವ ಮನೆಯಲ್ಲಿ ಈ ಮಾತು ನಡೆಯುವುದಿಲ್ಲ, ಅದು ಬೇರೆ.

ತಳಕ್ಕೆ ಅಂಗಡಿಯವರು ಇನ್ನೊಂದನ್ನು ತೋರಿಸುವುದುಂಟು: ಹಳದಿ ಮೈ, ಸುತ್ತ ಕಪ್ಪು ಬಳೆ ಸುತ್ತಿದ ಹಾಗೆ ಪಟ್ಟೆ, ಬಸವನಹುಳು ತಿನ್ನುವ ಜೀಬ್ರಾ ಲೋಚ್. "ಇಂಪೋರ್ಟೆಡ್ ಸಾರ್," ಎನ್ನುತ್ತಾರೆ. ಈ ಪರದೇಶಿಯನ್ನು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರದ ಪ್ರೊಫೆಸರ್ ಸಿ.ಆರ್. ನಾರಾಯಣರಾಯರು 1920ರಲ್ಲಿ ಮೊದಲು ವರ್ಣಿಸಿ ಬೋಟಿಯಾ ಸ್ಟ್ರಯಾಟಾ ಎಂದು ಹೆಸರಿಟ್ಟದ್ದು ತೀರ್ಥಹಳ್ಳಿಯ ತುಂಗಾ ನದಿಯ ಮೀನನ್ನು ನೋಡಿ. ಶೃಂಗೇರಿಯಿಂದ ಹರಿದು ಬರುವ ಅದೇ ನೀರು. ಈಗ ಅದು ಅಳಿವಿನಂಚಿನ ಜೀವಿಗಳ ಪಟ್ಟಿಯಲ್ಲಿದೆ. ಗುಂಪು ಕಟ್ಟಿಕೊಂಡು ಬದುಕುವ ಅದಕ್ಕೆ ಎರಡಡಿ ತೊಟ್ಟಿ ಸಾಲದು. ಹೊಳೆಯಲ್ಲೇ ಇರಲಿ ಎನ್ನುವುದು ನನ್ನ ಪಕ್ಷ.

ಇಷ್ಟೆಲ್ಲ ಹೇಳಿದರೂ ಕೊನೆಗೆ ಎಲ್ಲರೂ ತರುವುದು ಗಪ್ಪಿ. ಒಂದು ಗಂಡಿಗೆ ಎರಡು-ಮೂರು ಹೆಣ್ಣಿರಲಿ, ಇಲ್ಲವಾದರೆ ಗಂಡಿನ ಕಾಟಕ್ಕೆ ಹೆಣ್ಣು ಸೊರಗುತ್ತದೆ ಎನ್ನುತ್ತಾರೆ; ಆ ಲೆಕ್ಕದ ಫಲ ತಿಂಗಳು ತಿಂಗಳು ಕಾಣುತ್ತದೆ. ಮರಿಗಳನ್ನು ಹಳ್ಳಕ್ಕೆ ಬಿಡುವ ಹಾಗಿಲ್ಲ, ಅಲ್ಲಿನ ಸಸಲಿನ ಮೊಟ್ಟೆ-ಮರಿಗೆ ಕುತ್ತು. ಸೊಳ್ಳೆಮರಿ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಬಾವಿ-ತೊಟ್ಟಿಗಳಿಗೆ ಬಿಡುವುದೂ ಇದೇ ಗಪ್ಪಿ ಆದ್ದರಿಂದ, ಅಂಗಳದ ಸಿಮೆಂಟ್ ತೊಟ್ಟಿಗೆ ಒಂದಿಷ್ಟು ಬಿಡಬಹುದು. ಮಿಕ್ಕವನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ತುಂಬಿಕೊಂಡು ನೆರೆಮನೆಗೆ ಹೊರಟರೆ, "ನಾವೇ ನಿಮ್ಮನೆಗೆ ಬರಬೇಕು ಅಂತಿದ್ವಿ," ಎಂದು ಅವರೂ ಒಳಗಿಂದ ಒಂದು ಬಾಟಲಿ ತರುತ್ತಾರೆ.