ಮಂಡ್ಯ ಸೀಮೆಯಲ್ಲಿ ಜಪಾನಿ ಪ್ಲಮ್: ಒಂದು ಹಿತ್ತಿಲ ಮೀಮಾಂಸೆ

ವಿಷಯ: ಪ್ರೂನಸ್ ಸಲಿಸಿನಾ ಎಂಬ ಈ ವೃಕ್ಷ ಚೀನಾದಲ್ಲಿ ಹುಟ್ಟಿ, ಜಪಾನಿನಲ್ಲಿ ಬೆಳೆದು, 1885ರಲ್ಲಿ ಲೂಥರ್ ಬರ್ಬ್ಯಾಂಕರ ಕೈಹಿಡಿದು ಕ್ಯಾಲಿಫೋರ್ನಿಯಾ ಸೇರಿ, 1906ರಲ್ಲಿ ‘ಸಾಂಟಾ ರೋಸಾ’ ತಳಿಯಾಗಿ ಕೀರ್ತಿ ಪಡೆಯಿತು. ಇಷ್ಟು ದೇಶ ಸುತ್ತಿದ ಮರ ಮಂಡ್ಯದ ಹಿತ್ತಿಲಿಗೇಕೆ ಬರಬಾರದು ಎಂಬುದೇ ಇಲ್ಲಿನ ಜಿಜ್ಞಾಸೆ.

ಪೂರ್ವಪಕ್ಷ: ಎಲೆಯುದುರಿಸಿ ನಿದ್ದೆಹೋಗುವ ಈ ಮರ 7 ಡಿಗ್ರಿಗಿಂತ ಕೆಳಗಿನ ಚಳಿಯನ್ನು, ತಳಿಗೆ ತಕ್ಕಂತೆ, ನೂರಾರು ಗಂಟೆ ಉಂಡ ಮೇಲಷ್ಟೇ ಸರಿಯಾಗಿ ಹೂ ಬಿಡುತ್ತದೆ. ಜನವರಿಯ ನಸುಕಿನಲ್ಲಿ ಮಂಡ್ಯದ ಜನ ಮಂಕಿಟೋಪಿ ಹಾಕುವುದು ನಿಜ. ಪಾದರಸ ಮಾತ್ರ ಸಾಮಾನ್ಯವಾಗಿ 15ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಟೋಪಿಯನ್ನು ಪ್ರಮಾಣವೆಂದು ಮರ ಒಪ್ಪುವುದಿಲ್ಲ.

ಈ ಆಕ್ಷೇಪಕ್ಕೆ ಮೂರು ಪಂಥಗಳು ಉತ್ತರಿಸಿವೆ.

ಮಂಡ್ಯ ಪಂಥ ಜಲವಾದಿ. ಕನ್ನಂಬಾಡಿ ನೀರು ವಿಶ್ವೇಶ್ವರಯ್ಯ ನಾಲೆಗೆ ಹರಿಯಿತು, ಕಬ್ಬು ಎದ್ದಿತು, 1933ರಲ್ಲಿ ಸಕ್ಕರೆ ಕಾರ್ಖಾನೆಯೂ ಬಂತು. ಆದ್ದರಿಂದ ‘ನೀರ್ ಬುಟ್ರೆ ಕಲ್ಲೂ ಚಿಗುರ್ತದೆ ಕನ’ ಎಂಬುದು ಇದರ ಮೂಲಸೂತ್ರ. ಗದ್ದೆಯಂತೆ ನೀರು ನಿಂತರೆ ಪ್ಲಮ್ಮಿನ ಬೇರು ಉಸಿರುಗಟ್ಟಿ ಕೊಳೆಯುತ್ತದೆ ಎಂಬುದು ಇದರ ಖಂಡನೆ.

ಮದ್ದೂರು ಪಂಥ ಅರ್ಥವಾದಿ. ಬಹುಪಾಲು ಜಪಾನಿ ಪ್ಲಮ್ ತಳಿಗಳಿಗೆ ಬೇರೊಂದು ತಳಿಯ ಪರಾಗ ಬೇಕು. ಅಂದರೆ ಒಂದು ಮರ ಕಾಯಿಕಚ್ಚಲು ಎರಡು ಮರ. ಆ ಜಾಗಕ್ಕೆ ತೆಂಗು ಹಾಕಿದರೆ ಎಳನೀರು ಮಾರುಕಟ್ಟೆ ಊರಲ್ಲೇ ಇದೆಯಲ್ಲ ಎಂದು ಕೇಳಿ, ಉತ್ತರಕ್ಕೆ ಕಾಯದೆ ಪಂಥ ವಡೆ ತಿನ್ನಲು ಎದ್ದುಹೋಗುತ್ತದೆ.

ಮಳವಳ್ಳಿ ಪಂಥ ವಿದ್ಯುದ್ವಾದಿ. 1902ರಲ್ಲೇ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹೋದ ಶಿವನಸಮುದ್ರದ ಕರೆಂಟು, ತಾಲ್ಲೂಕಿನೊಳಗಿನ ಒಂದು ಮರವನ್ನು ತಂಪು ಮಾಡಲಾರದೇ? ಗಿಡವನ್ನು ಡ್ರಮ್ಮಿನಲ್ಲಿ ಬೆಳೆಸಿ ಶೀತಲಗೃಹಕ್ಕೆ ನೂಕಿದರೆ ತಾತ್ತ್ವಿಕವಾಗಿ ಹೂ ಬರುತ್ತದೆ. ಬಿಲ್ಲೂ ಬರುತ್ತದೆ.

ದೃಷ್ಟಾಂತ: ಪಂಜಾಬಿನ ಬಯಲಿನಲ್ಲಿ ‘ಸತ್ಲುಜ್ ಪರ್ಪಲ್’ ತಳಿ, ಪರಾಗಕ್ಕೆ ‘ಕಾಲಾ ಅಮೃತಸರಿ’ಯನ್ನು ಜೊತೆಗಿಟ್ಟುಕೊಂಡು ಫಲ ಕೊಡುತ್ತದೆ, ಆದರೆ ಅಲ್ಲಿನ ಜನವರಿ ಇಲ್ಲಿಲ್ಲ. ಜಾವಾದ ಬಾಟುವಿನ ರೈತರು ಕೊಯ್ಲಿನ ನಂತರ ಸೇಬಿನ ಎಲೆಗಳನ್ನು ಕೈಯಾರೆ ಕಿತ್ತು, ಕಡುಚಳಿಯಿಲ್ಲದೆಯೂ ಮರಕ್ಕೆ ಮತ್ತೆ ಹೂ ಬರಿಸುತ್ತಾರೆ. ಇದನ್ನು ಪ್ಲಮ್ಮಿಗೆ ಪ್ರಯೋಗಿಸಲು ಮಳವಳ್ಳಿಯ ಮೇಕೆಗಳು ಸಿದ್ಧವಿವೆ. ಎಲೆಗೇ ನಿಲ್ಲಿಸುವ ಭರವಸೆ ಕೊಟ್ಟಿಲ್ಲ.

ಸಿದ್ಧಾಂತ: ಪ್ಲಮ್ ಬೆಳೆಯುವ ಕೂನೂರು ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಮಂಡ್ಯ 700ರ ಒಳಗೆ. ಆದಕಾರಣ ಮೂರೂ ತಾಲ್ಲೂಕುಗಳನ್ನು ಕನಿಷ್ಠ 1,100 ಮೀಟರ್ ಮೇಲೆತ್ತಬೇಕೆಂದು ಈ ಪ್ರಬಂಧ ಶಿಫಾರಸು ಮಾಡುತ್ತದೆ. ಆಗ ಕನ್ನಂಬಾಡಿ ನೀರು ನಾಲೆಗೆ ಹತ್ತುವುದು ಹೇಗೆಂದು ಜಲವಾದಿಗಳು ತಕರಾರು ತೆಗೆದಿದ್ದಾರೆ. ಅದನ್ನು ಎರಡನೇ ಸಂಪುಟಕ್ಕೆ ಕಾಯ್ದಿರಿಸಲಾಗಿದೆ.