ಸುಂಕದವನ ಮುಂದೆ ಬೆಳಕು

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಲಂಡನ್ನಿನ ಹಾಂಚ್ ಆಫ್ ವೆನಿಸನ್ ಗ್ಯಾಲರಿಗೆ ಗೊತ್ತಿರಲಿಲ್ಲ. 2006ರಲ್ಲಿ ಅದು ಅಮೆರಿಕದಿಂದ ಡ್ಯಾನ್ ಫ್ಲೇವಿನ್ ಅವರ ಬೆಳಕಿನ ಶಿಲ್ಪವೊಂದನ್ನು ತರಿಸಿತು. ಅಂಗಡಿಯಲ್ಲಿ ಸಿಗುವ ಟ್ಯೂಬ್‌ಲೈಟುಗಳಿಂದಲೇ ಹೆಸರು ಮಾಡಿದ ಕಲಾವಿದ ಆತ. ಪೆಟ್ಟಿಗೆ ಬಿಚ್ಚಿದ ಅಧಿಕಾರಿಗಳಿಗೆ ಕಂಡದ್ದೂ ಟ್ಯೂಬ್‌ಲೈಟೇ. ಶಿಲ್ಪವಾದರೆ ಶೇ 5 ತೆರಿಗೆ, ದೀಪವಾದರೆ ಪೂರ್ತಿ ದರ. ಕಲೆ ಎಂದರೇನೆಂಬುದು ಅವರಿಗೆ ಆ ಕ್ಷಣವೇ ಹೊಳೆಯಿತು.

2008ರಲ್ಲಿ ಲಂಡನ್ನಿನ ತೆರಿಗೆ ನ್ಯಾಯಮಂಡಳಿ ‘ಇದು ಶಿಲ್ಪವೇ’ ಎಂದಿತು. ಯುರೋಪಿಯನ್ ಕಮಿಷನ್ನಿನ ಟ್ಯೂಬ್ ಹೊತ್ತಿಕೊಂಡದ್ದು ಇನ್ನೂ ತಡವಾಗಿ, 2010ರಲ್ಲಿ: ಇದು ಗೋಡೆ ದೀಪ! ಹಾಗಾದರೆ ಕಲೆ ಎಲ್ಲಿದೆ? ಸಾಮಾನಿನಲ್ಲಿಲ್ಲ, ಅದು ಬೀರುವ ಬೆಳಕಿನಲ್ಲಿದೆಯಂತೆ. ಅಂದರೆ ಆರಿಸಿಕೊಂಡು ಬಂದರೆ ಸರಕು, ಉರಿದರೆ ಕಲೆ. ಜೊತೆಗೊಂದು ಜನರೇಟರ್ ಕಟ್ಟಿ ಉರಿಸಿಕೊಂಡೇ ತಂದಿದ್ದರೆ ಗ್ಯಾಲರಿ ಬಚಾವಾಗುತ್ತಿತ್ತೇನೋ. ತೆರಿಗೆಯ ಲೆಕ್ಕಕ್ಕೆ ಮಾತ್ರ ದರ ದೀಪದ್ದು, ಬೆಲೆ ಕಲೆಯದು.

ನಗಬೇಡಿ. ‘ವಸ್ತು ಮುಖ್ಯವಲ್ಲ, ಅನುಭವ ಮುಖ್ಯ’ ಎಂದು ಕಲಾವಿಮರ್ಶಕರು ವರ್ಷಗಟ್ಟಲೆ ಬರೆದದ್ದನ್ನು ಜಗತ್ತಿನಲ್ಲಿ ಪೂರಾ ನಂಬಿದವರು ಸುಂಕದವರೊಬ್ಬರೇ.

ನನಗೀಗ ಚಿಂತೆ ರಫಾಯಲ್ ಲೊಸಾನೊ-ಹೆಮರ್ ಅವರ ‘ಪಲ್ಸ್ ರೂಮ್’ನದು. 2007ರಲ್ಲಿ ವೆನಿಸ್ ಬಿಯೆನ್ನಾಲೆ ಕಲಾಪ್ರದರ್ಶನದಲ್ಲಿ ಮೆಕ್ಸಿಕೊದ ಪರವಾಗಿ ಮೆರೆದ ಕೃತಿ. ಚಾವಣಿಯಿಂದ ನೂರು ಬುರುಡೆ ಬಲ್ಬು ತೂಗುತ್ತವೆ. ನೀವು ಹಿಡಿಕೆ ಹಿಡಿದು ನಿಂತರೆ ಸೆನ್ಸರ್ ನಿಮ್ಮ ನಾಡಿ ನೋಡಿ, ಒಂದು ಬಲ್ಬನ್ನು ಅದೇ ಲಯದಲ್ಲಿ ಮಿನುಗಿಸುತ್ತದೆ. ಮತ್ತೊಬ್ಬರು ಬಂದು ಹಿಡಿದರೆ ನಿಮ್ಮ ಬಡಿತ ಮುಂದಿನ ಬಲ್ಬಿಗೆ ಜರುಗುತ್ತದೆ. ಸಾಲು ಮುಗಿದರೆ ಗೇಟ್‌ಪಾಸ್.

ಕಮಿಷನ್ನಿನ ತರ್ಕದಂತೆ ಇಲ್ಲಿ ಬಲ್ಬು ಕಲೆಯಲ್ಲ, ವೈರೂ ಅಲ್ಲ. ಕಲೆ ಮಿನುಗಿನಲ್ಲಿದೆ, ಮಿನುಗು ನಿಮ್ಮ ಎದೆಯಲ್ಲಿದೆ. ಆದ್ದರಿಂದ ಆ ಶೇ 5ರ ರಿಯಾಯಿತಿ ದರಕ್ಕೆ ಅರ್ಹವಾದದ್ದು ಪ್ರೇಕ್ಷಕನ ಹೃದಯವೊಂದೇ. ಮುಂದೆ ವಿಮಾನದಿಂದಿಳಿದವರು ಹೃದಯವನ್ನೂ ಘೋಷಿಸಬೇಕಾದೀತು. ‘ಏನಾದರೂ ತಂದಿದ್ದೀರಾ?’ ‘ನಿಮಿಷಕ್ಕೆ ಎಪ್ಪತ್ತೆರಡು ಬಡಿತ, ಸ್ವಾಮಿ.’ ಪೇಸ್‌ಮೇಕರ್ ಇದ್ದವರದು ಯಂತ್ರೋಪಕರಣ, ಪೂರ್ತಿ ದರ. ಪ್ರೇಮಿಗಳು ಜೋಡಿಯಾಗಿ ಬಂದರೆ ಸಗಟು ವ್ಯಾಪಾರ. ಸುಂಕದವನ ಎದುರು ನಿಂತು ಎದೆ ಡವಡವ ಎಂದರಂತೂ ಘೋಷಿಸಿದ್ದಕ್ಕಿಂತ ಹೆಚ್ಚು ಮಾಲು ಸಿಕ್ಕಿತೆಂದು ದಂಡ.