ಫೋರ್ ವ್ಹೀಲ್ ಉಂಟು ಮಾರಾಯ್ರೇ

ಹಳೆಯ ಜೀಪಿನಲ್ಲಿ ಗೇರ್ ಲಿವರಿನ ಪಕ್ಕಕ್ಕೆ ಇನ್ನೂ ಒಂದೆರಡು ಗಿಡ್ಡ ಲಿವರುಗಳು ಎದ್ದು ನಿಂತಿರುತ್ತವೆ. ಇಂಜಿನಿನ ಬಲವನ್ನು ಮುಂದಿನ ಚಕ್ರಗಳಿಗೂ ಹಂಚುವುದು ಇವುಗಳ ಒಂದು ಕೆಲಸ. ಮಾರಾಟದ ಹೊತ್ತಿಗೆ ಬೆಲೆ ಏರಿಸುವುದು ಇನ್ನೊಂದು. ಮೊದಲನೆಯದು ನಿಂತುಹೋದ ಮೇಲೂ ಎರಡನೆಯದು ವರ್ಷಗಟ್ಟಲೆ ನಡೆಯುತ್ತದೆ. ಬಂಟ್ವಾಳದ ಬಿ.ಸಿ. ರೋಡಿನಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ ಸೆಕೆಂಡ್ ಹ್ಯಾಂಡ್ ಜೀಪು ತೋರಿಸುವವರು ಲಿವರನ್ನು ಹಿಂದೆ ಮುಂದೆ ಆಡಿಸಿ, “ಫೋರ್ ವ್ಹೀಲ್ ಉಂಟು ಮಾರಾಯ್ರೇ” ಎನ್ನುತ್ತಾರೆ. ಲಿವರ್ ಅಲ್ಲಾಡುತ್ತದೆ ಎಂಬುದಷ್ಟೇ ಇದರಿಂದ ಸಿದ್ಧವಾಗುವ ಸಂಗತಿ.

ನಿಜವಾದ ಪರೀಕ್ಷೆ ನಡೆಯುವುದು ಬೆಳ್ತಂಗಡಿ ತಾಲೂಕಿನಲ್ಲಿ. ದಿಡುಪೆ, ನೆರಿಯ, ಶಿಶಿಲದಂಥ ಘಟ್ಟದ ಬುಡದ ಊರುಗಳಲ್ಲಿ ಡಾಮರು ಮುಗಿದ ಮೇಲೂ ದಾರಿ ಮುಗಿಯುವುದಿಲ್ಲ. ದಕ್ಷಿಣ ಕನ್ನಡಕ್ಕೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ನೆಲ ಗಟ್ಟಿಯಿರುವ ಏಪ್ರಿಲ್‌ನಲ್ಲಿ ಎಲ್ಲ ಜೀಪಿನ ಫೋರ್ ವ್ಹೀಲೂ ಸರಿಯಿರುತ್ತದೆ. ದೋಷ ಹುಟ್ಟುವುದು ಜೂನ್‌ನಲ್ಲಿ, ತೋಟದ ಏರಿನಲ್ಲಿ, ಗೊಬ್ಬರದ ಚೀಲಗಳ ಸಮೇತ.

ಅಂಗೈಯಿಂದ ಚಕ್ರದವರೆಗೆ ಕೆಲಸ ಕೈ ಬದಲಾಯಿಸುವ ಜಾಗಗಳು ಹಲವು. ಲಿವರ್ ಶಿಫ್ಟ್ ರಾಡನ್ನು ಎಳೆಯಬೇಕು. ರಾಡು, ಬಲ ಹಂಚುವ ಪೆಟ್ಟಿಗೆಯಾದ ಟ್ರಾನ್ಸ್‌ಫರ್ ಕೇಸಿನೊಳಗಿನ ಫೋರ್ಕನ್ನು ಸರಿಸಬೇಕು. ಫೋರ್ಕು ಹಲ್ಲುಗಳನ್ನು ಕೂಡಿಸಬೇಕು. ಅಲ್ಲಿಂದ ಮುಂದಿನ ಶಾಫ್ಟ್, ಡಿಫರೆನ್ಷಿಯಲ್, ಹಬ್. 1941ರ ವಿಲ್ಲೀಸ್ ಜೀಪಿನ ವಂಶದ ಹಳೆಯ ಮಹೀಂದ್ರಾಗಳಲ್ಲಿ ಲಿವರಿನ ಬುಡವೇ ರಾಡಿನ ಕಚ್ಚಿನಲ್ಲಿ ಕೂತಿರುತ್ತದೆ; ಸವೆದರೆ ಅಥವಾ ಅದನ್ನು ಹಿಡಿದ ಪಿನ್ನು ಜಾರಿದರೆ ಲಿವರ್ ಸ್ವತಂತ್ರ. ಬೇರೆ ಮಾದರಿಗಳಲ್ಲಿ ನಡುವೆ ಒಂದು ಕಂಬಿಯಿದ್ದು ಅದರ ತುದಿಗೆ ಬುಷ್, ಪಿನ್, ಸ್ಪ್ಲಿಟ್ ಪಿನ್ ಇರುತ್ತವೆ. ಜೀಪಿನಲ್ಲೇ ಅತಿ ಅಗ್ಗದ ಸಾಮಾನಾದ ಸ್ಪ್ಲಿಟ್ ಪಿನ್ ಉದುರಿದರೆ ಜೀಪಿನ ಅತಿ ದುಬಾರಿ ವಿಶೇಷವೂ ಅದರೊಡನೆ ಹೋಗುತ್ತದೆ.

ತಪಾಸಣೆ ಕೈಯಿಂದಲೇ ಶುರು. ಲಿವರ್ ಯಾವ ತಡೆಯೂ ಇಲ್ಲದೆ ಎಲ್ಲ ದಿಕ್ಕಿಗೂ ಆಡಿದರೆ ಕೊಂಡಿ ಕಳಚಿದೆ. ಜಪ್ಪಯ್ಯ ಎಂದರೂ ಕದಲದಿದ್ದರೆ ತುಕ್ಕು. ಕೂತ ಮೇಲೆ ತಾನಾಗಿ ಎಗರಿದರೆ ಕಂಬಿಯ ಉದ್ದ ತಪ್ಪಿದೆ, ಇಲ್ಲವೇ ರಾಡನ್ನು ಹಿಡಿದಿಡುವ ಗುಂಡು-ಸ್ಪ್ರಿಂಗ್ ಸೋತಿದೆ. ಎಲ್ಲವೂ ಸರಾಗವಾಗಿದ್ದೂ ಮುಂದಿನ ಚಕ್ರಗಳು ಮದುವೆ ಮನೆಯಲ್ಲಿ ಬಡಿಸುವವರ ಹಿಂದೆ ಖಾಲಿ ಕೈಯಲ್ಲಿ ಓಡಾಡುವ ನೆಂಟನ ಹಾಗೆ ಸುಮ್ಮನೆ ಉರುಳುತ್ತಿದ್ದರೆ, ಕೆಳಗೆ ಇಣುಕಬೇಕು.

ಇಣುಕುವ ಮೊದಲು ಒಂದು ಎಚ್ಚರಿಕೆ. ಕೊಂಡಿ ಕಳಚಿದ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿ ನಿಂತಿದ್ದರೆ ಜೀಪನ್ನು ಗೇರಿನಲ್ಲಿಟ್ಟೂ ಪ್ರಯೋಜನವಿಲ್ಲ. ಇಳಿಜಾರು ಕಂಡ ಕಡೆ ಅದು ಹೊರಡುತ್ತದೆ. ಹ್ಯಾಂಡ್ ಬ್ರೇಕಿನ ಬಗ್ಗೆ ಮಾರಿದವರು ಹೇಳಿದ್ದನ್ನೂ ನಂಬದೆ, ಸಮತಟ್ಟಾದ ಜಾಗದಲ್ಲಿ ಇಂಜಿನ್ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಡಬೇಕು. ಈ ಸೀಮೆಯಲ್ಲಿ ಮುರಕಲ್ಲಿಗೆ ಬರವಿಲ್ಲ.

ಬಳಿಕ ಮುಂದಿನ ಒಂದು ಚಕ್ರವನ್ನು ಮಾತ್ರ ಜಾಕಿನಲ್ಲಿ ಎತ್ತಿ, ಲಿವರನ್ನು ಫೋರ್ ವ್ಹೀಲ್‌ಗೆ ಹಾಕಿ, ಚಕ್ರವನ್ನು ಕೈಯಲ್ಲಿ ತಿರುಗಿಸಬೇಕು. ತಿರುಗದಿದ್ದರೆ ಎಲ್ಲವೂ ಕೂಡಿದೆ. ಚಕ್ರದ ಜೊತೆ ಮುಂದಿನ ಶಾಫ್ಟೂ ತಿರುಗಿದರೆ ದೋಷ ಕೇಸಿನಲ್ಲೋ ಕೊಂಡಿಯಲ್ಲೋ ಇದೆ. ಚಕ್ರ ತಿರುಗಿ ಶಾಫ್ಟ್ ಸುಮ್ಮನಿದ್ದರೆ ಚಕ್ರವನ್ನು ಕೂಡಿಸುವ ಹಬ್ ಬಿಡಿಸಿಟ್ಟಿದೆ ಎಂದು ಮೊದಲ ಅನುಮಾನ. ಶಾಫ್ಟೇ ಇಲ್ಲದಿದ್ದರೆ ಮುಂದಿನ ಪರೀಕ್ಷೆ ಬೇಡ: ಡೀಸೆಲ್ ಉಳಿಸಲು ಹಿಂದಿನ ಯಜಮಾನರು ಬಿಚ್ಚಿ ಅಟ್ಟಕ್ಕೆ ಹಾಕಿರುತ್ತಾರೆ. ಅವರಿಗೆ ಫೋನು ಮಾಡಬಹುದು. ಎತ್ತುವುದು ಅವರಿಗೆ ಬಿಟ್ಟದ್ದು.

ರಿಪೇರಿ ಸಣ್ಣದು. ಹೊಸ ಬುಷ್, ಸರಿಯಾದ ಅಳತೆಯ ಪಿನ್, ಎರಡೂ ಕಾಲು ಮಡಚಿದ ಸ್ಪ್ಲಿಟ್ ಪಿನ್. ಕಂಬಿಯ ಉದ್ದವನ್ನು ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ ಪೂರ್ತಿ ಕೂರುವಂತೆ ಹೊಂದಿಸುವುದು. ಪಿನ್ನಿನ ಬದಲು ಸರಿಗೆ ಸುತ್ತಿದರೆ ಮುಂದಿನ ಗುಂಡಿಯವರೆಗೆ ಬರುತ್ತದೆ. ಲಿವರನ್ನೇ ವೆಲ್ಡ್ ಮಾಡಿಸುವ ಸಲಹೆಯನ್ನು ಕೊಡುವವರು ಸಾಮಾನ್ಯವಾಗಿ ವೆಲ್ಡಿಂಗ್ ಅಂಗಡಿಯವರೇ. ಹಾದಿಯಲ್ಲಿ ಸಿಕ್ಕಿಬಿದ್ದವರು ಚಕ್ರಗಳಿಗೆ ಕಲ್ಲು ಕೊಟ್ಟು, ಇಂಜಿನ್ ನಿಲ್ಲಿಸಿ, ಕೆಳಗೆ ಮಲಗಿ ರಾಡನ್ನೇ ಕೈಯಿಂದ ದೂಡಿ ಹಲ್ಲು ಕೂಡಿಸಬಹುದು. ಆಗ ಫೋರ್ ವ್ಹೀಲ್ ಉಂಟು, ಮೈಮೇಲೆ ಕೆಸರೂ ಉಂಟು.

ಸರಿಯಾಯಿತೆಂದು ನೋಡುವುದು ಮಣ್ಣಿನಲ್ಲಿ, ಡಾಮರಿನಲ್ಲಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗುತ್ತವೆ. ಗಟ್ಟಿ ರಸ್ತೆಯಲ್ಲಿ ಜಾರಲು ಎಡೆಯಿಲ್ಲದೆ ಹಲ್ಲುಗಳು ಬಿಗಿದು ಲಿವರ್ ಕಚ್ಚಿಕೊಳ್ಳುತ್ತದೆ. ಸ್ವಲ್ಪ ರಿವರ್ಸ್ ಬಂದರೆ ಬಿಡುತ್ತದೆ. ಕೆಸರಿನಲ್ಲಿ ಮುಂದೊಂದು ಹಿಂದೊಂದು ಚಕ್ರ ಮಾತ್ರ ಸುತ್ತಿದರೆ ಅದು ಸಾದಾ ಡಿಫರೆನ್ಷಿಯಲ್ಲಿನ ಸ್ವಭಾವ. ಲಿವರಿನ ಮೇಲೆ ಆರೋಪ ಹೊರಿಸಬಾರದು.

ಬಳಸದ ಕೊಂಡಿ ಮತ್ತೆ ತುಕ್ಕು ಹಿಡಿಯುತ್ತದೆ. ತಿಂಗಳಿಗೊಮ್ಮೆ ಮಣ್ಣು ದಾರಿಯಲ್ಲಿ ಹಾಕಿ ಬಿಡಿಸುವುದು, ಮಳೆಗೆ ಮೊದಲು ಗ್ರೀಸ್ ಹೊಡೆಯುವುದು ಸಾಕು. ಅಡಿಕೆಗೆ ಮದ್ದು ಬಿಡುವ ದಿನವೇ ಗ್ರೀಸಿನ ಕೆಲಸವನ್ನೂ ಮಾಡಿದರೆ ಮರೆಯುವ ಭಯವಿಲ್ಲ. ಹೇಗೂ ಆ ದಿನ ಮೈ ಕೈ ಹಾಳಾಗಿಯೇ ಇರುತ್ತದೆ.